ಚಿ. ಪು. ೧೯೬೮

ಬಚ್ಚಲ ಗೋಡೆ ಒಡೆಯುತ್ತಿದ್ದ ದಾದಾಪೀರನ ಉಳಿ
ಠಣ್ ಎಂದಿತು.
ಇಟ್ಟಿಗೆಯ ಸದ್ದಲ್ಲ ಅದು.
ಅಂಗೈಯಿಂದ ಸುಣ್ಣ ಒರೆಸಿ, ಟಾರ್ಚು ಹಿಡಿದು
‘ಬೀಡು ಕಬ್ಬಿಣ, ಹಳೇ ಮಾಲು,
ಅಕ್ಷರ ಅದಾವೆ ನೋಡ್ರಮ್ಮ’ ಅಂದ.
ಕನ್ನಡಕ ತಂದೆ.
ಚಿ. ಪು. ೧೯೬೮.
ಚಿತ್ರದುರ್ಗ ಪುರಸಭೆ ಎಂದು ಬಿಡಿಸಿ ಓದಲು
ಅವನಿಗೆ ವಯಸ್ಸು ಸಾಲದು.

ಆಗ ನನಗೆ ಎಂಟು.
ಹೊಳಲ್ಕೆರೆ ರಸ್ತೆಯ ಬದಿಗೆ ರಾಶಿ ಬಿದ್ದಿದ್ದವು
ಇಂದಲ್ಲ ನಾಳೆ ನೀರು ತರುವ ಪೈಪುಗಳು.
ಈ ತುದಿಯಲ್ಲಿ ಹೆಸರು ಕೂಗಿದರೆ
ಆ ತುದಿಯಲ್ಲಿ ಅದು
ಯಾರೋ ದೊಡ್ಡವರ ಹೆಸರಾಗಿ ಹೊರಬರುತ್ತಿತ್ತು.
ಬೇಸಗೆಯಲ್ಲಿ ಮುಟ್ಟಿದರೆ ಬೊಬ್ಬೆ,
ಮೋಡವಾದರೆ ಒಳಗೆ ಓತಿಕ್ಯಾತ.
ರಾಶಿ ಕರಗತೊಡಗಿದ್ದು ಯಾವಾಗ,
ಕಂಡವರಿಲ್ಲ.

ಆಮೇಲೆ ಗುಲಾಬಿ ಬಣ್ಣದ ಕರಪತ್ರ.
ಆಮೇಲೆ ಖಾಲಿ ಕೊಡಗಳ ಮೆರವಣಿಗೆ,
ಸಂತೆಹೊಂಡದಿಂದ ಮುನ್ಸಿಪಾಲ್ಟಿಯವರೆಗೆ.
ಮುಂದೆ ನಮ್ಮಪ್ಪ, ಅವನ ಕೈಯಲ್ಲಿ ನನ್ನ ಕೈ.
‘ಪೈಪು ನುಂಗಿದ ರುದ್ರಮುನಿ
ನೀರು ಕಕ್ಕೋ ರುದ್ರಮುನಿ!’
ಪ್ರಾಸ ಅಪ್ಪನದೇ.
ಆ ಹೆಮ್ಮೆಯಲ್ಲೇ ಮೂರು ದಿನ ಎರಡು ಮುದ್ದೆ ಹೆಚ್ಚು ಉಂಡ.

ಅಧ್ಯಕ್ಷರ ಮಗಳು ಸರ್ವಮಂಗಳ ನಮ್ಮ ಕ್ಲಾಸು, ಎರಡನೇ ಬೆಂಚು.
ಅವಳು ಒಳಗೆ ಕಾಲಿಟ್ಟ ಕೂಡಲೇ
ನಾವೆಲ್ಲ ಮುಷ್ಟಿಯನ್ನು ಕೊಳವೆ ಮಾಡಿ
ಊಂ... ಎಂದು ಊದುತ್ತಿದ್ದೆವು.
ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ನಗುತ್ತಿದ್ದದ್ದು
ಅವರ ಬೆನ್ನಿನಿಂದಲೇ ಗೊತ್ತಾಗುತ್ತಿತ್ತು.
ದಸರಾ ರಜೆ ಮುಗಿದ ಮೇಲೆ ಅವಳು ಬರಲಿಲ್ಲ.
ಹರಪನಹಳ್ಳಿಗೆ, ಸೋದರತ್ತೆಯ ಮನೆಗೆ ಹೋದಳಂತೆ.
ಅವಳ ಜಾಗದಲ್ಲಿ ನಾನು ಕೂತೆ;
ಕಿಟಕಿಯ ಗಾಳಿ ಚೆನ್ನಾಗಿತ್ತು.

ಹುಬ್ಬಳ್ಳಿಯಲ್ಲಿ ಎಣ್ಣೆ ಮಿಲ್ಲು ಹಾಕಿದ ಅಂದವನೂ
ವಕೀಲರ ಫೀಜಿಗೆ ಹೆಂಡತಿಯ ಪಾಟ್ಲಿ ಮಾರಿದ ಅಂದವನೂ
ಒಬ್ಬನೇ, ಕ್ಷೌರದಂಗಡಿಯ ಹಂಪಣ್ಣ,
ಬೇರೆ ಬೇರೆ ವಾರ.
ನಾನು ಕಣ್ಣಾರೆ ಕಂಡದ್ದು ಇಷ್ಟು:
ಲೈಬ್ರರಿಯ ಮೂಲೆಯಲ್ಲಿ ಒಬ್ಬ ಮುದುಕ,
ಪೇಪರನ್ನು ಮುಖಕ್ಕೆ ತೀರಾ ಹತ್ತಿರ ಹಿಡಿದು
ಅರ್ಧ ಗಂಟೆಯಾದರೂ ಪುಟ ತಿರುಗಿಸದವನು.

ದಾದಾಪೀರ ಬೀಡಿ ಹಚ್ಚಿದ.
‘ಈ ಓಣಿಯಾಗೆ ಇದು ನಾಲ್ಕನೇದು ಕಣಮ್ಮ.
ಮೂಲೆ ಮನೆಯಾಗೆ ಸುಣ್ಣ ಬಳಿದು ಕಂಬ ಮಾಡ್ಯಾರೆ.’

ಒಂದು ರಾತ್ರಿ ನೆನಪಾಗುತ್ತದೆ:
ಎತ್ತಿಲ್ಲದ ಬಂಡಿ, ನೂಕುವ ಇಬ್ಬರು,
ಗೋಣಿತಾಟು ಹೊದ್ದ ಉದ್ದನೆಯದೇನೋ.
ಅಮ್ಮ ಕಂದೀಲಿನ ಬತ್ತಿ ಇಳಿಸಿದ್ದು,
ಹೆಣವೆಂದು ಹೆದರಿ ನಾನು ಕೌದಿ ಎಳೆದುಕೊಂಡದ್ದು.
ಇದು ನೆನಪೋ, ಪೈಪು ಕಂಡ ಮೇಲೆ
ನಾನೇ ನೂಕಿಕೊಂಡು ಬಂದ ಬಂಡಿಯೋ,
ಹೇಳಲಾರೆ.
ಕೇಳೋಣವೆಂದರೆ ಅಪ್ಪ ಗೋಡೆಯ ಮೇಲೆ
ಗಂಧದ ಹಾರದೊಳಗೆ,
ಮೆರವಣಿಗೆಯ ಮುಖದಲ್ಲೇ ಇದ್ದಾನೆ.

ರುದ್ರಮುನಿಯಪ್ಪ ಕದಿಯಲಿಲ್ಲ ಎನ್ನುತ್ತಿಲ್ಲ ನಾನು.
ಖಜಾನೆಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವಳು,
ರಾತ್ರಿ ಕೂತು ಕೂಡಿಸಿದೆ.
ಕರಪತ್ರದ ಪ್ರಕಾರ ಕಾಣೆಯಾದದ್ದು ಸಾವಿರದ ನಾನೂರು.
ಓಣಿಗೆ ನಾಲ್ಕರಂತೆ ಊರಿಗೆ ಎಷ್ಟು ಹಿಡಿದರೂ
ಇನ್ನೂರು ದಾಟುವುದಿಲ್ಲ.
ಉಳಿದದ್ದಕ್ಕೆ ಲಾರಿ ಬೇಕು, ಸಹಿ ಬೇಕು,
ನಿದ್ದೆ ಬರುವ ಕಾವಲುಗಾರ ಬೇಕು.
ಅದು ಅವನ ಲೆಕ್ಕ.
ಇದೊಂದು ಮಾತ್ರ ಯಾವ ಖಾತೆಗೂ ಸೇರದೆ
ಐವತ್ತೈದು ವರ್ಷ
ನಾವು ಮಿಂದ ನೀರನ್ನು ಸದ್ದಿಲ್ಲದೆ ಹೊರಗೆ ಸಾಗಿಸಿತು.

ಹೋದ ವೈಶಾಖ, ದಾವಣಗೆರೆಯ ಒಂದು ಮದುವೆಯಲ್ಲಿ
ಸರ್ವಮಂಗಳ ಸಿಕ್ಕಿದ್ದಳು. ಗುರುತು ಹಿಡಿದದ್ದು ಅವಳೇ.
ಪಾಯಸ ಬಡಿಸುವಾಗ ಕೇಳಿದಳು:
‘ಈಗ ನೀರು ಚೆನ್ನಾಗಿ ಬರುತ್ತಾ ನಿಮ್ಮ ಕಡೆ?’
‘ನಾಲ್ಕು ದಿನಕ್ಕೊಮ್ಮೆ’ ಅಂದೆ.
‘ಹೌದಾ’ ಅಂದಳು,
ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದಳು.
ಆಗ ನನಗೆ ಈ ಪೈಪಿನ ವಿಷಯ ಗೊತ್ತಿರಲಿಲ್ಲ.
ಗೊತ್ತಿದ್ದರೆ ಹೇಳುತ್ತಿದ್ದೆ
ಎಂದು ಬರೆಯಲು ಕೈ ಬರುತ್ತಿಲ್ಲ.

ಎರಡನೇ ದಿನವೂ ಬಂದು ನಿಂತಿದ್ದಾನೆ ದಾದಾಪೀರ,
‘ಕೀಳ್ಲೋ, ಇರ್ಲೋ?
ನಾಳೆ ನೀರು ಬರೋ ದಿನ,
ಬೇಗ ಹೇಳ್ರಿ.’